ಒಂದೇ ಮಳೆಗೆ ಸಿಕ್ಕ ಬೀಜ

ನಾನು ಕಲಿತದ್ದು ಏಳನೆಯ ಇಯತ್ತೆಯವರೆಗೆ. ಆದರೂ ಹಿರೇಕೆರೂರು ಕಡೆಯ ನಮ್ಮ ಬೀಜದ ಕಾರ್ಖಾನೆಯ ಪಿಂಚಣಿ ನಿಧಿಯ ಸಮಿತಿಗೆ ಕೆಲಸಗಾರರು ಆರಿಸಿ ಕಳಿಸಿದ್ದು ನನ್ನನ್ನೇ. ಸಭೆ ಇದ್ದ ದಿನ ಇಸ್ತ್ರಿ ಅಂಗಿ ತೊಟ್ಟು ಮ್ಯಾನೇಜರ ಪಕ್ಕದ ಕುರ್ಚಿಯಲ್ಲಿ ಕೂರುತ್ತೇನೆ. ದುಡಿದು ಗಳಿಸಿದ ಕುರ್ಚಿ, ನೆಟ್ಟಗೇ ಕೂರುತ್ತೇನೆ.

ಅಂಥ ಒಂದು ಸಭೆಯ ಮಧ್ಯಾಹ್ನ ಚಾವಣಿಯ ತಗಡಿನ ಸಂದಿಯಿಂದ ಬಿಸಿಲು ಇಳಿದಿತ್ತು, ಅದರೊಳಗೆ ಹತ್ತಿಯ ನವಿರು ತೇಲುತ್ತಿತ್ತು. ನಮ್ಮ ನಿಧಿಯ ದುಡ್ಡು ಎಲ್ಲಿರುತ್ತದೆ ಎಂದು ಯೋಚಿಸಿದಾಗಲೆಲ್ಲ ನನಗೆ ಕಾಣುವುದು ಹೀಗೆಯೇ. ತೂಕವಿಲ್ಲದ ಏನೋ ಒಂದು, ನಾನು ಎಂದೂ ನೋಡದ ಊರುಗಳ ಕಡೆ ನಿಧಾನ ತೇಲಿ ಹೋಗುತ್ತಿರುತ್ತದೆ.

ಕಲ್ಲಿದ್ದಲಿನಿಂದ ಕರೆಂಟು ಮಾಡುವ ಕಂಪನಿಯೊಂದರ ಬಾಂಡ್, ಅಂದರೆ ಅದಕ್ಕೆ ಸಾಲ ಕೊಟ್ಟ ಕಾಗದ, ಕೊಳ್ಳಬೇಕೋ ಬೇಡವೋ ಎಂಬುದು ಅವತ್ತಿನ ಪ್ರಶ್ನೆ. ಬಡ್ಡಿ ಹೆಚ್ಚು. ಬೆಳಿಗ್ಗೆಯೇ ಬಾಗಿಲಲ್ಲಿ ಒಬ್ಬ ಅಕ್ಕ ನನ್ನನ್ನು ನಿಲ್ಲಿಸಿದ್ದಳು. ಒದ್ದೆ ಬಟ್ಟೆಯಲ್ಲಿ ಬೀಜ ಸುತ್ತಿಟ್ಟು, ಯಾವುದು ಮೊಳೆಯುತ್ತದೆ, ಯಾವುದು ಇಲ್ಲ ಎಂದು ಪರೀಕ್ಷೆ ಮಾಡುವವಳು. ಕೆಲಸ ಬಿಡುವ ದಿನ ಹತ್ತಿರ ಬಂದಿತ್ತು.

“ಅಣ್ಣಾ, ಆ ಕಾಗದಕ್ಕ ಹೂಂ ಅಂದು ಬರ್ರಿ. ಕೆಲಸ ಬಿಟ್ಟ ಮ್ಯಾಲ ನಾ ಯಾರ ಮುಂದೂ ಕೈ ಚಾಚಬಾರ್ದು.”

ಹುಬ್ಬಳ್ಳಿಯಿಂದ ಬಂದಿದ್ದ ಸಲಹೆಗಾರ ಪ್ರಾಮಾಣಿಕ ಮನುಷ್ಯ. ದೊಡ್ಡ ಪಿಂಚಣಿ ನಿಧಿಗಳು ಈಗ ಹವಾಮಾನವನ್ನೂ ಅಪಾಯವೆಂದೇ ಹಿಡಿಯುತ್ತವೆ ಎಂದ. ಬೇಸಿಗೆಯಲ್ಲಿ ನೀರೆಲ್ಲಿಂದ, ನಾಳೆ ಕಲ್ಲಿದ್ದಲು ಬೇಡವಾದರೆ ಏನು ಗತಿ ಎಂದು ಕಂಪನಿಗಳನ್ನು ಕೇಳುತ್ತವಂತೆ. ಉತ್ತರ ಸರಿ ಬರದಿದ್ದರೆ ದುಡ್ಡು ಹಿಂದಕ್ಕೆ ತೆಗೆಯುತ್ತವಂತೆ. ನಮ್ಮಂಥ ಸಣ್ಣವರಿಗೆ ಯಾರು ಉತ್ತರ ಕೊಡುತ್ತಾರೆ ಎಂದರು ಮ್ಯಾನೇಜರು.

ನಮ್ಮ ದುಡ್ಡು ಈಗಾಗಲೇ ಎಲ್ಲೆಲ್ಲಿದೆ, ಆ ಪಟ್ಟಿ ಓದಿಸಿದೆ. ಸಿಮೆಂಟು, ಗೊಬ್ಬರ, ಉಕ್ಕು. ಪ್ರತಿಯೊಂದಕ್ಕೂ ನೀರು ಎಲ್ಲಿಯದು ಎಂದು ಕೇಳಿದೆ. ಸಲಹೆಗಾರ ನಕಾಶೆ ತೆರೆದು ಒಂದೊಂದರ ಮೇಲೂ ಬೆರಳಿಟ್ಟು ತೋರಿಸಿದ. ಉಕ್ಕಿನದು ಬಿಟ್ಟರೆ ಉಳಿದೆಲ್ಲವೂ, ಈ ಕರೆಂಟಿನ ಕಂಪನಿಯೂ ಸೇರಿ, ಒಂದೇ ಹೊಳೆಯ ದಂಡೆಗಿದ್ದವು.

“ಹೆಸರು ಬ್ಯಾರೆ ಬ್ಯಾರೆ, ಕುಡಿಯೂದು ಒಂದ ನೀರು” ಎಂದೆ.

“ಇದು ಬಾಂಡ್ ಐತ್ರಿ, ನಿಮ್ಮ ಹೊಲ ಅಲ್ಲ” ಎಂದು ಮ್ಯಾನೇಜರು ನಕ್ಕರು.

ಆಗ, ಯಾರಿಗೂ ಹೇಳದೇ ಇಟ್ಟುಕೊಂಡಿದ್ದನ್ನು ಹೇಳಬೇಕಾಯಿತು. ಬೀಜದ ಹತ್ತಿಯನ್ನು ನಾವು ಒಂದೇ ಊರಲ್ಲಿ ಹಾಕಿಸುವುದಿಲ್ಲ. ಮಾಸೂರಲ್ಲಿ ಇಷ್ಟು, ಚಿಕ್ಕೇರೂರಲ್ಲಿ ಇಷ್ಟು, ಆಡೂರಲ್ಲಿ ಇಷ್ಟು. ಒಂದೇ ಮಳೆಗೆ ಎಲ್ಲವೂ ಸಿಗಬಾರದು, ಅದಕ್ಕೆ. ನಾನು ಹೊಲದ ಮೇಲ್ವಿಚಾರಕನಾಗಿದ್ದಾಗ ಒಂದು ವರ್ಷ ಕೆರೆ ತುಂಬಿದ್ದು ನೋಡಿ ಅಷ್ಟನ್ನೂ ಮಾಸೂರಲ್ಲೇ ಹಾಕಿಸಿದೆ. ಕಾಯಿ ಒಡೆಯುವ ಹೊತ್ತಿಗೆ ಮಳೆ ಹಿಡಿಯಿತು, ಬಿಡಲಿಲ್ಲ. ಬೀಜ ಗಿಡದಲ್ಲೇ ಮೊಳೆಯಿತು. ಬಿಳಿ ಹತ್ತಿಯೊಳಗಿಂದ ಎಳೆ ಹಸಿರು ಇಣುಕುತ್ತಿತ್ತು. ಸುಳ್ಳೇಕೆ, ನೋಡಲು ಚೆಂದವಿತ್ತು. ಈಗಲೂ ಕಣ್ಣು ಮುಚ್ಚಿದರೆ ಆ ಹೊಲದಲ್ಲಿ ನಡೆಯುತ್ತಿರುತ್ತೇನೆ. ವರದಿಯಲ್ಲಿ ಮಾತ್ರ, ರೋಗ ಬಿತ್ತು ಎಂದು ಬರೆದಿದ್ದೆ.

ಮ್ಯಾನೇಜರು ನಗಲಿಲ್ಲ. ಆ ಬಾಂಡ್ ಬೇಡವೆಂದಾಯಿತು. ದುಡ್ಡನ್ನು ಬೇರೆ ಸೀಮೆಗಳಿಗೆ ಹಂಚುವುದು, ಬಡ್ಡಿ ಕಡಿಮೆಯಾದರೂ ಸರಿ. ಹೊಳೆದಂಡೆಯ ಸಿಮೆಂಟು ಕಂಪನಿಗೆ, ಬೇಸಿಗೆಗೆ ನೀರೆಲ್ಲಿಂದ ಎಂದು ಪತ್ರ ಹೋಯಿತು. ಸಹಿ ನನ್ನದು. ಉತ್ತರ ಇನ್ನೂ ಬಂದಿಲ್ಲ.

ಅಕ್ಕನಿಗೆ ನಾನೇ ಹೋಗಿ ಎಲ್ಲ ಹೇಳಿದೆ, ಮಾಸೂರಿನದೂ ಬಿಡದೆ. ಅವಳು ತಲೆಯೆತ್ತದೆ ಬೀಜ ಜೋಡಿಸುತ್ತಿದ್ದಳು. ಪಿಂಚಣಿ ಎಷ್ಟು ಕಡಿಮೆಯಾಗುತ್ತದೆ ಎಂದು ಕೇಳಿದಳು. ಹೇಳಿದೆ. ಒದ್ದೆ ಬಟ್ಟೆ ಮಡಚಿದಳು, ಸುತ್ತಿದಳು, ಒಂದು ತುದಿ ಕಟ್ಟಿದಳು.

“ಆ ವರ್ಷದ ಮಾಸೂರ ಬೀಜ ಪರೀಕ್ಷೆ ಮಾಡಿದಾಕಿ ನಾನ ರೀ ಅಣ್ಣಾ” ಎಂದಳು. “ರೋಗ ಅಲ್ಲಂತ ಆವಾಗ್ಲ ಗೊತ್ತಿತ್ತು. ನೀವು ಯಾವಾಗ ಹೇಳ್ತೀರಿ ಅಂತ ನೋಡಾಕತ್ತಿದ್ದೆ.”

ಬಟ್ಟೆಯ ಇನ್ನೊಂದು ತುದಿಯನ್ನು ಹಿಡಿಯಲು ನನ್ನ ಕೈಗೆ ಕೊಟ್ಟಳು.