ರತೀಶ್ ಮಾಸ್ತರರ ಒಂದೇ ಪಟ್ಟು

ಶಾಲೆಯ ಹುಡುಗಿಯರ ಬಾಸ್ಕೆಟ್‌ಬಾಲ್ ಪಂದ್ಯ ಕೊನೆಯ ನಿಮಿಷಕ್ಕೆ ಬಂದು ನಿಂತರೆ ಕುಂದಾಪುರದ ರತೀಶ್ ಮಾಸ್ತರರಿಗೆ ಗೊತ್ತಿದ್ದದ್ದು ಒಂದೇ ಪಟ್ಟು. "ಚೆಂಡ್ ಚಂದನಂಗೆ ಕೊಡಿ ಮಕ್ಳೇ!" ಎಂದು ಗಂಟಲು ಹರಿಯುವಂತೆ ಕೂಗುವುದು. ಅದು ಬರೀ ಕಣ್ಣುಕಟ್ಟು. ಎದುರಾಳಿಗಳೆಲ್ಲ ಉದ್ದನೆಯ ಚಂದನಾಳನ್ನು ಮುತ್ತಿಕೊಂಡಾಗ, ಬುಟ್ಟಿಯ ಕೆಳಗೆ ಒಬ್ಬಳೇ ಉಳಿದ ಪುಟ್ಟ ರಮ್ಯಶ್ರೀ ಚೆಂಡು ಹಾಕಿಬಿಡುತ್ತಿದ್ದಳು.

ಗೆದ್ದು ಗೆದ್ದು ಮಾಸ್ತರರಿಗೆ ಎಂಥ ಮೋಹ ಹತ್ತಿತೆಂದರೆ, ಮೀನು ಮಾರ್ಕೆಟ್ಟಿನಲ್ಲೂ ಅದೇ ಪಟ್ಟು ಹಾಕಿದರು. ಬೇಕಿದ್ದದ್ದು ಬಂಗುಡೆ, ಆದರೂ ದುಬಾರಿ ಅಂಜಲ್ ಮೀನನ್ನೇ ಎತ್ತಿ, ಮೂಸಿ, ದರ ಕೇಳಿ ಮುಖ ಸಿಂಡರಿಸಿದರು. ಆಮೇಲೆ ಬಂಗುಡೆಯನ್ನು ಅಗ್ಗಕ್ಕೆ ಕೇಳುವ ಲೆಕ್ಕಾಚಾರ.

ಮೀನು ಮಾರುವ ಸುಗುಣ ನಕ್ಕಳು. "ಹ್ವಾಯ್ ಮಾಷ್ಟ್ರೆ, ಅಂಜಲ್ ಕಾಂಬುದ್ ಸಾಕ್. ಬಂಗ್ಡಿ ಆಗ್ಳೇ ತೆಗ್ದಿಟ್ಟೆ, ರೇಟ್ ಕಮ್ಮಿ ಆತಿಲ್ಲೆ. ಚಂದನಾ ನನ್ ಮಗ್ಳ್ ಅಲ್ದಾ?"