ಮೈಕಣ್ಣನ ಬಾಯಿ ತಪ್ಪಿದ ಸಂಜೆ

ಬೆಳಕು ಹರಿಯುವ ಹೊತ್ತಿಗೆ ಮೈಕಣ್ಣ ಹಿತ್ತಿಲಲ್ಲಿ ನಿಂತು ಉಪ್ಪುನೀರು ಮುಕ್ಕಳಿಸುತ್ತಿದ್ದಾರೆ. ಆಮೇಲೆ ಆಟೋ ನೆತ್ತಿಯ ಮೇಲಿನ ಧ್ವನಿವರ್ಧಕಗಳ ಧೂಳು ಒರೆಸಿ, ಬ್ಯಾಟರಿಗೆ ತಂತಿ ಸಿಕ್ಕಿಸಿ, ಮೈಕನ್ನು ಬೆರಳಿನಿಂದ ತಟ್ಟುತ್ತಾರೆ. ನಗರಸಭೆ ಚುನಾವಣೆಯ ಪ್ರಚಾರಕ್ಕೆ ಇವತ್ತೇ ಕಡೇ ದಿನ. ಬೆಳಿಗ್ಗೆ ಕೊಡೆ ಗುರುತಿನ ಬಾವುಟ, ಸಂಜೆ ಏಣಿ ಗುರುತಿನದು. ಒಂದೇ ಬಾಯಿ, ಇಬ್ಬರು ಎದುರಾಳಿಗಳು! ಅದನ್ನು ಹೇಗೆ ನಿಭಾಯಿಸುತ್ತಾರೆ ಎಂಬ ಕುತೂಹಲವೇ ಪತ್ರಿಕೆಗೆ ಬರೆಯುವ ನನ್ನನ್ನು ಇಷ್ಟು ಬೇಗ ಹಾಸಿಗೆಯಿಂದ ಎಬ್ಬಿಸಿದ್ದು.

"ಬಾವುಟ ಬದಲಾದ್ರೆ ಮಾತೂ ಬದಲಾಗತ್ತೆ ಮೇಡಂ. ಚೀಟಿ ನೋಡಿ ಓದೋ ಜಾಯಮಾನ ನಂದಲ್ಲ" ಎನ್ನುತ್ತಾರೆ. ಮೊದಲು ಸಂತೆಯಲ್ಲಿ ಸೊಳ್ಳೆಪರದೆ ಕೂಗಿ ಮಾರುತ್ತಿದ್ದ ಗಂಟಲಿದು.

ಈ ಸಲ ಎಲ್ಲರ ಬಾಯಲ್ಲೂ ಪರಿಸರವೇ. ಕಾಲುವೆ ಪಕ್ಕ ಕಸ ಸುಡುವುದನ್ನು ನಿಲ್ಲಿಸಿ ಗೊಬ್ಬರ ಮಾಡಿಸುತ್ತೇನೆ ಎನ್ನುತ್ತಾರೆ ಕೊಡೆ ಗುರುತಿನ ನಿವೃತ್ತ ಶಿಕ್ಷಕಿ. ಏಣಿ ಗುರುತಿನ ಗುತ್ತಿಗೆದಾರರದ್ದು ರಸ್ತೆಯುದ್ದಕ್ಕೂ ಸಸಿ ನೆಡುವ ಭರವಸೆ. ಕಸದ ಮಾತೆತ್ತಿದರೆ ಸಾಕು, ಅವರು ಮೆಲ್ಲಗೆ ಸಸಿಗೆ ಜಾರುತ್ತಾರೆ. ಕಸವನ್ನು ಕಾಲುವೆ ಪಕ್ಕಕ್ಕೆ ಸಾಗಿಸುವ ಲಾರಿಗಳು ಅವರ ಭಾವಮೈದುನನವು.

ಆ ಹೊಗೆ ಬಂದು ಸೇರುವುದು ಮೈಕಣ್ಣನ ಬೀದಿಗೆ. ಅವರ ಹೆಂಡತಿ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ, ಹಗಲಲ್ಲೂ ದೀಪ ಹಾಕಿಕೊಂಡು ಹೊಲಿಗೆ ಯಂತ್ರ ತುಳಿಯುತ್ತಾರೆ. ಎರಡು ಮಾತಾಡುವಷ್ಟರಲ್ಲಿ ಉಬ್ಬಸ. ಅಲ್ಲಿ ಸ್ವಲ್ಪ ಹೊತ್ತು ಕೂತ ನನಗೇ ಸಿಟ್ಟು ನೆತ್ತಿಗೇರುತ್ತದೆ.

ಎಡವಟ್ಟಾದದ್ದು ಹೋದ ವಾರ. ಏಣಿ ಬಾವುಟ ಕಟ್ಟಿಕೊಂಡು ತಮ್ಮದೇ ಬೀದಿಗೆ ತಿರುಗಿದ ಮೈಕಣ್ಣನ ಮೂಗಿಗೆ ಹೊಗೆ ಬಡಿಯಿತು, ಬಾಯಿಗೆ ಬೆಳಗಿನ ಕೊಡೆ ಗುರುತಿನ ಮಾತು ಬಂತು: "ಏಣಿ ಗುರುತಿಗೇ ನಿಮ್ಮ ಮತ! ಕಾಲುವೆ ಪಕ್ಕ ಕಸ ಸುಡೋದು ನಿಲ್ಲಿಸೇ ನಿಲ್ಲಿಸ್ತೀವಿ!"

ಬೀದಿಯ ಹೆಂಗಸರು ಬಿಟ್ಟಾರೆಯೇ? ಮಾರನೇ ದಿನವೇ ಗುತ್ತಿಗೆದಾರರ ಮನೆ ಮುಂದೆ ಹಾಜರು. ಅಷ್ಟು ಜನರೆದುರು ಇಲ್ಲ ಅನ್ನಲಾಗದೆ ಅವರು, "ಹೌದಮ್ಮಾ, ನಾನೇ ಹೇಳಿಸಿದ್ದು" ಎಂದು ಒಪ್ಪಿಕೊಂಡರಂತೆ. ಮೈಕಣ್ಣನನ್ನು ಮೂಲೆಗೆ ಕರೆದು, "ಚುನಾವಣೆ ಮುಗೀಲಿ, ನಿನ್ನ ನೋಡ್ಕೋತೀನಿ" ಎಂದೂ ಹಲ್ಲು ಕಡಿದರಂತೆ. ಕೆಲಸದಿಂದ ಬಿಡಿಸಿದರೆ ಮಾತು ತಪ್ಪಿದರು ಎಂದು ಊರು ಆಡಿಕೊಳ್ಳುವ ಭಯ ಅವರಿಗೆ. ಟೀಚರಮ್ಮನೂ ರೇಗಿದರು: "ನನ್ನ ಮಾತನ್ನ ಅವರಿಗೆ ಧಾರೆ ಎರೆದುಬಿಟ್ಟೆಯಲ್ಲಪ್ಪಾ!" ಕೊನೆಗೆ, "ಹೋಗ್ಲಿ, ಯಾರು ಗೆದ್ರೂ ಆ ಬೆಂಕಿ ಆರಿದ್ರೆ ಸರಿ" ಎಂದು ಸುಮ್ಮನಾದರು.

"ನಿಜ ಹೇಳಿ, ಬಾಯಿ ತಪ್ಪಿದ್ದಾ, ಬೇಕಂತಲೇ ಅಂದದ್ದಾ?" ನಾನು ಬಿಡುವುದಿಲ್ಲ.

"ದೇವರಾಣೆ ಬಾಯಿ ತಪ್ಪಿದ್ದೇ ಮೇಡಂ. ಅನ್ನ ಹಾಕೋ ಕೆಲಸದ ಜೊತೆ ಆಟ ಆಡ್ತೀನಾ?"

ಒಳಗಿನಿಂದ ಹೆಂಡತಿಯ ನಗು, ಬೆನ್ನಿಗೇ ಕೆಮ್ಮು. "ಮೊದಲನೇ ಸಲ ತಪ್ಪಿತ್ತು ಬಿಡಿ. ಪಕ್ಕದ ಬೀದೀಲೂ ಹೋಗಿ ಅದನ್ನೇ ಕೂಗಿದ್ರಲ್ಲಾ ರೀ?"

"ಸುಮ್ನಿರೇ ನೀನು!" ಮೈಕಣ್ಣ ಮೈಕಿನ ತಂತಿ ಸರಿ ಮಾಡುವ ನೆಪದಲ್ಲಿ ತಲೆ ಬಗ್ಗಿಸುತ್ತಾರೆ.

ಏನು ಆಸೆ ಎಂದು ಕೇಳಿದರೆ ಮುಚ್ಚಿದ ಕಿಟಕಿಯತ್ತ ನೋಡುತ್ತಾರೆ. "ಯಾರಾದ್ರೂ ಗೆಲ್ಲಲಿ ಮೇಡಂ. ಒಂದಿನ ನಾನು ಕೂಗ್ತಾ ಈ ಬೀದಿಗೆ ಬಂದಾಗ, ಇವಳು ಆ ಕಿಟಕಿ ತೆಗೆದು ನಿಂತು, ಸಾಕು ಮಾಡ್ರೀ ನಿಮ್ಮ ಗಲಾಟೆ ಅಂತ ಬೈಬೇಕು. ಎಲ್ಲೂ ನಿಲ್ಲಿಸದೆ, ಒಂದೇ ಉಸಿರಲ್ಲಿ ಬೈಬೇಕು."