ಬಲಗಿವಿಗೆ ಬಿದ್ದ ಮೊದಲ ಮಾತು

ಪಟ್ಟಂನ ನಮ್ಮ ಬ್ಯಾಂಕಿಗೆ ಯಾರಾದರೂ ಲಾಕರ್ ಕೇಳಿಕೊಂಡು ಬಂದರೆ ನಾನು ತಲೆ ಎತ್ತದೆ ಕಿವಿ ಮುಟ್ಟಿ ತೋರಿಸುತ್ತಿದ್ದೆ. ನನ್ನ ಎರಡೂ ಕಿವಿ ಮಂದ. ಜನ ಪಾಪ ಅಂತ ಹೊರಟುಹೋಗುತ್ತಿದ್ದರು. ಕೊನೆಗೆ ಹೆಂಡತಿಯ ಕಾಟ ತಡೆಯಲಾರದೆ ಬಲಗಿವಿಯ ಆಪರೇಷನ್‌ಗೆಂದು ಉಳ್ಳೂರಿನ ಆಸ್ಪತ್ರೆಯಲ್ಲಿ ಮಲಗಿದೆ.

ಮರಗಟ್ಟಿಸಿದ್ದು ಕಿವಿಯನ್ನು ಮಾತ್ರ, ನನಗೆ ಪೂರ್ತಿ ಎಚ್ಚರವಿತ್ತು. ಡಾಕ್ಟರಮ್ಮ ಒಂದು ಕೈಯಲ್ಲಿ ಎಂಡೋಸ್ಕೋಪ್ ಹಿಡಿದು, ಇನ್ನೊಂದು ಕೈಯಿಂದ, ಒಳಗೆ ಅಲುಗಾಡದೆ ಕೂತಿದ್ದ ಅಕ್ಕಿಕಾಳಿಗಿಂತ ಚಿಕ್ಕ ಮೂಳೆಯನ್ನು ತೆಗೆದು ಅಲ್ಲಿ ಶಬ್ದ ದಾಟಿಸುವ ಪುಟ್ಟ ಪಿಸ್ಟನ್ ಒಂದನ್ನು ಕೂರಿಸಿದರು. ಆಮೇಲೆ ಕಿವಿ ಪರೀಕ್ಷಿಸಲು ಮಲಯಾಳದಲ್ಲಿ ಪಿಸುಗುಟ್ಟಿದರು:

“ಸಾರ್, ನನ್ನ ಲಾಕರ್ ಅರ್ಜಿ ಏನಾಯ್ತು? ಮೂರು ಸಲ ಬಂದಿದ್ದೆ, ನಿಮಗೆ ಕೇಳಿಸಲೇ ಇಲ್ಲ.”

ಕೇಳಿಸಿತು ಅಂದರೆ ಅರ್ಜಿ ಹುಡುಕಬೇಕು. ಕೇಳಿಸಲಿಲ್ಲ ಅಂದರೆ ಆ ಸಲಕರಣೆ ಮತ್ತೆ ಕಿವಿಯೊಳಗೆ ಇಳಿಯುತ್ತದೆ.

“ಚೆನ್ನಾಗಿ ಕೇಳಿಸ್ತು ಡಾಕ್ಟರೇ. ನನ್ನ ರಜೆ ಮುಗಿದ ದಿನವೇ ಬನ್ನಿ,” ಎಂದೆ.

ಅವರಿಗೆ ಲಾಕರ್ ಸಿಕ್ಕಿದೆ. ಎಡಗಿವಿಯನ್ನೂ ಸರಿಮಾಡಿಬಿಡೋಣ ಅನ್ನುತ್ತಿದ್ದಾರೆ. ನಾನು ಒಪ್ಪಿಲ್ಲ. ಈಗ ಕೌಂಟರಿನಲ್ಲಿ ಕುರ್ಚಿಯನ್ನು ಸ್ವಲ್ಪ ತಿರುಗಿಸಿಕೊಂಡು ಕೂರುತ್ತೇನೆ, ಎಡಗಿವಿ ಗ್ರಾಹಕರ ಕಡೆಗೆ ಬರುವ ಹಾಗೆ.